ಹೆಪ್ಪಾಗದ ಮೊಸರು, ನಿಲ್ಲದ ಕಿಣ್ವ: ಓದುಗರ ಪ್ರಶ್ನೆಗಳಿಗೆ ಉತ್ತರ

ಹಿಂದಿನ ಸಂಚಿಕೆಯಲ್ಲಿ ಕಿಣ್ವಗಳ ಬಗ್ಗೆ ಬರೆದಿದ್ದೆ. ಜೀವಕೋಶದೊಳಗೆ ನಡೆಯುವ ಹೆಚ್ಚೂಕಡಿಮೆ ಪ್ರತಿಯೊಂದು ರಾಸಾಯನಿಕ ಕೆಲಸಕ್ಕೂ ವೇಗ ಕೊಡುವ ಪ್ರೋಟೀನುಗಳು ಅವು, ಇಷ್ಟು ನೆನಪಿದ್ದರೆ ಸಾಕು. ಅದಕ್ಕೆ ಬಂದ ಪತ್ರಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಚಳಿಯ ಸುತ್ತಲೇ ಇದ್ದವು. ಹಾಗಾಗಿ ಈ ಸಲದ ಪುಟವನ್ನು ಪೂರ್ತಿ ಅದಕ್ಕೇ ಕೊಟ್ಟಿದ್ದೇನೆ.

ಪ್ರಶ್ನೆ: ಡಿಸೆಂಬರ್ ಬಂತೆಂದರೆ ನಮ್ಮ ಮನೆಯಲ್ಲಿ ಬೆಳಗಾದರೂ ಮೊಸರು ಹೆಪ್ಪಾಗಿರುವುದಿಲ್ಲ. ಅವ್ವ ಗಡಿಗೆಗೆ ಕೌದಿ ಸುತ್ತಿ ಒಲೆಯ ಪಕ್ಕ ಇಡುತ್ತಾಳೆ. ಚಳಿಗೆ ಕಿಣ್ವ ನಿಧಾನವಾಗುತ್ತದೆ ಎಂದು ಕ್ಲಾಸಿನಲ್ಲಿ ಹೇಳಿದರು. ಹಾಗಾದರೆ ಅಂಟಾರ್ಕ್ಟಿಕಾದ ಬ್ಯಾಕ್ಟೀರಿಯಾ ಹೇಗೆ ಬದುಕುತ್ತವೆ? ಅವುಗಳ ಕಿಣ್ವ ಬೇರೆ ಯಾವುದರಿಂದಲಾದರೂ ಆಗಿದೆಯೇ?
(ಬಿ.ಎಸ್ಸಿ. ವಿದ್ಯಾರ್ಥಿನಿ, ಕಲಬುರಗಿ)

ಉತ್ತರ: ನಿನ್ನ ಅವ್ವ ಮಾಡುವುದು ಸರಿಯಾಗೇ ಇದೆ ತಂಗಿ. ಮೊಸರು ಮಾಡುವ ಬ್ಯಾಕ್ಟೀರಿಯಾಗಳಿಗೆ 40 ಡಿಗ್ರಿ ಆಚೀಚೆ ಇದ್ದರೆ ಹಿತ. ಕೌದಿ ಹೊಸ ಬಿಸಿ ಕೊಡುವುದಿಲ್ಲ, ಹಾಲಿನಲ್ಲಿರುವ ಬಿಸಿಯನ್ನು ಹೊರಗೆ ಬಿಡುವುದಿಲ್ಲ ಅಷ್ಟೇ. ಅಷ್ಟರಲ್ಲಿ ಅವು ತಮ್ಮ ಕೆಲಸ ಮುಗಿಸುತ್ತವೆ.

ಈಗ ಲೆಕ್ಕ ನೋಡು. ಸಾಮಾನ್ಯ ಕಿಣ್ವವೊಂದರ ಉಷ್ಣತೆ 10 ಡಿಗ್ರಿ ಇಳಿದರೆ ಅದರ ವೇಗ ಅರ್ಧಕ್ಕೋ ಮೂರನೇ ಒಂದು ಭಾಗಕ್ಕೋ ಇಳಿಯುತ್ತದೆ. 37 ಡಿಗ್ರಿಯಿಂದ ಸೊನ್ನೆಗೆ ಬರುವಷ್ಟರಲ್ಲಿ ವೇಗ 13 ಪಟ್ಟಿನಿಂದ ಹಿಡಿದು 60 ಪಟ್ಟಿನ ತನಕ ಕುಸಿದಿರುತ್ತದೆ. ಒಂದು ನಿಮಿಷದ ಕೆಲಸಕ್ಕೆ ಒಂದು ಗಂಟೆ. ಅಂಟಾರ್ಕ್ಟಿಕಾದ ಸಮುದ್ರದ ನೀರು ಸೊನ್ನೆಗಿಂತ ಸ್ವಲ್ಪ ಕೆಳಗೇ ಇರುತ್ತದೆ, ಉಪ್ಪಿರುವುದರಿಂದ ಗಡ್ಡೆ ಕಟ್ಟುವುದಿಲ್ಲ. ಅಲ್ಲಿ ನಮ್ಮಂಥ ಕಿಣ್ವ ಇಟ್ಟುಕೊಂಡು ಬದುಕುವುದು ಕಷ್ಟ.

ಹಾಗಂತ ಅವುಗಳ ಕಿಣ್ವ ಬೇರೆ ಸಾಮಾನಿನಿಂದ ಆದದ್ದಲ್ಲ. ಪ್ರೋಟೀನ್ ಕಟ್ಟಲು ನಮ್ಮಲ್ಲಿರುವ ಅದೇ 20 ಬಗೆಯ ಅಮೈನೋ ಆಮ್ಲಗಳು, ಅದೇ ರೀತಿಯ ಸರಪಳಿ, ಅದೇ ರೀತಿಯ ಮಡಿಕೆ. ನನಗೆ ಇದರಲ್ಲಿ ಎಲ್ಲಕ್ಕಿಂತ ಹಿಡಿಸುವ ಸಂಗತಿ ಮುಂದಿದೆ. ಅಂಟಾರ್ಕ್ಟಿಕಾದಲ್ಲಿ ಸಿಕ್ಕ ಸೂಡೋಆಲ್ಟೆರೋಮೊನಾಸ್ ಹ್ಯಾಲೋಪ್ಲಾಂಕ್ಟಿಸ್ ಎಂಬ ಬ್ಯಾಕ್ಟೀರಿಯಾದಲ್ಲಿ ಅಮೈಲೇಸ್ ಇದೆ, ಅಂದರೆ ಪಿಷ್ಟವನ್ನು ಕತ್ತರಿಸುವ ಕಿಣ್ವ. ಬೆಲ್ಜಿಯಂನ ಲೀಜ್ ವಿಶ್ವವಿದ್ಯಾಲಯದಲ್ಲಿ ಚಾರ್ಲ್ಸ್ ಗೆರ್ಡೆ, ಜಾರ್ಜ್ ಫೆಲ್ಲರ್ ಮತ್ತವರ ಜೊತೆಯವರು ಇದರ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿದ್ದಾರೆ. 1998ರಲ್ಲಿ ಅದರ ಆಕಾರ ಪರಮಾಣು ಪರಮಾಣುವಾಗಿ ತಿಳಿದುಬಂತು. ಅದು ಹಂದಿಯ ಮೇದೋಜೀರಕ ಗ್ರಂಥಿಯ ಅಮೈಲೇಸಿಗೆ ತುಂಬಾ ಹತ್ತಿರದ್ದು. ಪಿಷ್ಟ ಬಂದು ಕೂರುವ ಗುಳಿ, ಅಲ್ಲಿ ಕತ್ತರಿ ಹಾಕುವ ಅಮೈನೋ ಆಮ್ಲಗಳು ಎರಡರಲ್ಲೂ ಹೆಚ್ಚೂಕಡಿಮೆ ಒಂದೇ. ಎಲ್ಲೋ ಐಸಿನ ನೀರಿನ ಬ್ಯಾಕ್ಟೀರಿಯಾ, ಎಲ್ಲೋ ಬಿಸಿ ರಕ್ತದ ಹಂದಿ, ಕತ್ತರಿ ಮಾತ್ರ ಒಂದೇ!

ಹಾಗಾದರೆ ವ್ಯತ್ಯಾಸ ಎಲ್ಲಿದೆ? ಗುಳಿಯಿಂದ ದೂರದಲ್ಲಿ, ಕಿಣ್ವದ ಉಳಿದ ಮೈಯಲ್ಲಿ.

ನಿಮ್ಮ ಮನೆಯಲ್ಲಿ ಹಗ್ಗದ ಹೊರಸು ಇದ್ದರೆ ಅದರ ಮುಂದೆ ನಿಂತು ಯೋಚಿಸು. ಹೊಸದಾಗಿ ಹೆಣೆದ ಹೊರಸು ಗಟ್ಟಿಯಾಗಿರುತ್ತದೆ, ನಡುವೆ ಕೈಯಿಂದ ಒತ್ತಿದರೂ ಜಗ್ಗುವುದಿಲ್ಲ. ಕಾಲಿನ ಕಡೆ ಎಳೆದು ಬಿಗಿದಿರುತ್ತಾರಲ್ಲ, ಆ ಹಗ್ಗವನ್ನು ಒಂದೆರಡು ಸುತ್ತು ಸಡಿಲ ಮಾಡು. ನೀನು ಮುಟ್ಟಿದ್ದು ಒಂದು ತುದಿಯನ್ನು, ಆದರೆ ಬಳುಕು ಬಂದದ್ದು ನಡುವೆ. ಚಳಿಯ ಕಿಣ್ವದಲ್ಲೂ ಹೀಗೇ ಆಗಿದೆ. ಕಿಣ್ವ ಕಲ್ಲಿನ ಗೊಂಬೆಯಲ್ಲ. ಕೆಲಸ ಮಾಡುವಾಗ ಅದು ಸ್ವಲ್ಪ ಬಾಯಿ ತೆರೆಯಬೇಕು, ಹಿಡಿಯಬೇಕು, ಮತ್ತೆ ಬಿಡಬೇಕು. ನಮ್ಮ ಮೈಯ ಬಿಸಿಯಲ್ಲಿ ಸುತ್ತಲಿನ ನೀರಿನ ಅಣುಗಳು ಗುದ್ದುವ ಜೋರಿಗೇ ಈ ಅಲುಗಾಟ ಸಿಗುತ್ತದೆ. ಸೊನ್ನೆ ಡಿಗ್ರಿಯಲ್ಲಿ ಆ ಗುದ್ದು ಕಡಿಮೆ. ಬಿಗಿಯಾದ ಕಿಣ್ವ ಅಲ್ಲಿ ಮರಗಟ್ಟುತ್ತದೆ. ಮೊದಲೇ ಸಡಿಲವಾಗಿ ಹೆಣೆದದ್ದು ಆ ಸಣ್ಣ ಗುದ್ದಿಗೂ ಬಳುಕುತ್ತದೆ.

ಸಡಿಲ ಮಾಡುವ ದಾರಿಗಳು ಹಲವು. ಪ್ರೋಲೀನ್ ಎಂಬ ಅಮೈನೋ ಆಮ್ಲ ಸರಪಳಿಯನ್ನು ತಿರುಗಲು ಬಿಡುವುದಿಲ್ಲ, ಅದನ್ನು ಕಡಿಮೆ ಮಾಡುವುದು ಒಂದು. ಗ್ಲೈಸಿನ್ ತುಂಬಾ ಚಿಕ್ಕದು, ಅದಿದ್ದ ಕಡೆ ಸರಪಳಿ ಬೇಕಾದ ಹಾಗೆ ತಿರುಗುತ್ತದೆ, ಅದನ್ನು ಬೇಕಾದ ಜಾಗದಲ್ಲಿ ಸೇರಿಸುವುದು ಇನ್ನೊಂದು. ಆರ್ಜಿನೀನ್ ಅಕ್ಕಪಕ್ಕದ ಹಲವು ಅಮೈನೋ ಆಮ್ಲಗಳ ಕೈ ಹಿಡಿಯುತ್ತದೆ, ಚಳಿಯ ಕಿಣ್ವಗಳಲ್ಲಿ ಅದೂ ಕಡಿಮೆ. ಧನ ಮತ್ತು ಋಣ ವಿದ್ಯುದಂಶಗಳು ಒಂದನ್ನೊಂದು ಹಿಡಿದಿಡುವ ಕಟ್ಟುಗಳೂ ಕಡಿಮೆ. ಒಳಗಡೆ ನೀರಿಗೆ ಹೆದರುವ ಭಾಗಗಳು ಒತ್ತೊತ್ತಾಗಿ ಕೂತಿರಬೇಕಲ್ಲ, ಆ ಒತ್ತೂ ಸ್ವಲ್ಪ ಸಡಿಲ. ಆದರೆ ಒಂದು ಮಾತು ಗಮನದಲ್ಲಿರಲಿ, ಪರೀಕ್ಷೆಗೆ ಇದನ್ನು ಪಟ್ಟಿ ಮಾಡಿ ಬಾಯಿಪಾಠ ಮಾಡಬೇಡ. ಎಲ್ಲ ಕಿಣ್ವಗಳೂ ಇವೆಲ್ಲವನ್ನೂ ಬಳಸುವುದಿಲ್ಲ. ಒಂದು ಕಿಣ್ವ ಇಲ್ಲಿ ಬಿಚ್ಚಿದ್ದರೆ ಇನ್ನೊಂದು ಬೇರೆಲ್ಲೋ ಬಿಚ್ಚಿರುತ್ತದೆ.

ಇದಕ್ಕೆ ತೆರುವ ಬೆಲೆಯೂ ಇದೆ. ಸಡಿಲ ಹೆಣಿಗೆ ಬಿಸಿ ತಾಳುವುದಿಲ್ಲ. ಆ ಅಂಟಾರ್ಕ್ಟಿಕಾದ ಅಮೈಲೇಸ್ ಸುಮಾರು 44 ಡಿಗ್ರಿಗೆ ಬಿಚ್ಚಿಕೊಳ್ಳುತ್ತದೆ. ಹಂದಿಯದ್ದು 66ರ ಹತ್ತಿರ, ಬ್ಯಾಸಿಲಸ್ ಜಾತಿಯ ಒಂದು ಬ್ಯಾಕ್ಟೀರಿಯಾದ್ದು 86ರ ಹತ್ತಿರ. ನಮ್ಮ ಮೇ ತಿಂಗಳ ಮಧ್ಯಾಹ್ನವೇ ಮೊದಲನೆಯದನ್ನು ಹಾಳು ಮಾಡಲು ಸಾಕು. ಇನ್ನೂ ಒಂದಿದೆ. ಚಳಿಯ ಕಿಣ್ವಗಳಲ್ಲಿ ಪೂರ್ತಿ ಮೈ ಬಿಚ್ಚುವುದಕ್ಕೆ ಮೊದಲೇ ಕೆಲಸ ಮಾಡುವ ಗುಳಿ ಕೆಡುತ್ತದೆ. ಅಂದರೆ ಎಲ್ಲಕ್ಕಿಂತ ಸಡಿಲ ಇರುವುದು ಅಲ್ಲೇ. ಸಡಿಲ ಗುಳಿಯ ಹಿಡಿತವೂ ಸಡಿಲ, ಹಾಗಾಗಿ ಬಹಳಷ್ಟು ಚಳಿಯ ಕಿಣ್ವಗಳಿಗೆ ಪಿಷ್ಟವೋ ಮತ್ತೊಂದೋ ಸ್ವಲ್ಪ ಜಾಸ್ತಿಯೇ ಸಿಗಬೇಕಾಗುತ್ತದೆ. ಇಷ್ಟೆಲ್ಲ ಮಾಡಿಯೂ ಸೊನ್ನೆ ಡಿಗ್ರಿಯಲ್ಲಿ ಅವು ನಮ್ಮ ಕಿಣ್ವದ 37 ಡಿಗ್ರಿಯ ವೇಗ ಮುಟ್ಟುವುದು ಅಪರೂಪ. ಅದೇ ಚಳಿಯಲ್ಲಿ ನಮ್ಮದಕ್ಕೆ ಹೋಲಿಸಿದರೆ ಹತ್ತು ಪಟ್ಟಿನ ತನಕ ಚುರುಕು, ಬದುಕಲು ಅಷ್ಟು ಸಾಕು.

ಬಳುಕು ಬೇಕಾದರೆ ಬಿಸಿ ತಾಳುವ ಶಕ್ತಿ ಬಿಡಲೇಬೇಕಾ? ಬಹಳ ದಿನ ಹಾಗೇ ನಂಬಿದ್ದರು. 2018ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಪಡೆದ ಫ್ರಾನ್ಸಿಸ್ ಆರ್ನಾಲ್ಡ್ ಅವರ ತಂಡ ಅಂಟಾರ್ಕ್ಟಿಕಾದ ಬ್ಯಾಸಿಲಸ್ಸಿನ ಒಂದು ಪ್ರೋಟೀಸನ್ನು, ಅಂದರೆ ಪ್ರೋಟೀನನ್ನು ಕತ್ತರಿಸುವ ಕಿಣ್ವವನ್ನು, ತೆಗೆದುಕೊಂಡಿತು. ಅದರ ಜೀನಿನಲ್ಲಿ ಅಲ್ಲಲ್ಲಿ ಬದಲಾವಣೆ ಮಾಡಿ, ಆರಿಸಿ, ಮತ್ತೆ ಬದಲಾಯಿಸಿತು. ಕೊನೆಗೆ ಬಿಸಿಯನ್ನೂ ತಾಳುವ, ಚಳಿಯಲ್ಲೂ ಚುರುಕು ಕಳೆದುಕೊಳ್ಳದ ಕಿಣ್ವ ಸಿಕ್ಕಿತು. ಅಂದರೆ ಎರಡೂ ಒಟ್ಟಿಗೆ ಇರಲು ಸಾಧ್ಯ. ಐಸಿನ ನೀರಿನಲ್ಲಿ ಬಿಸಿ ತಾಳುವ ಗುಣ ಯಾರಿಗೂ ಬೇಕಾಗಿಲ್ಲ, ಬೇಡದ ಗುಣ ತಲೆಮಾರುಗಳಲ್ಲಿ ಸುಮ್ನೆ ಸವೆದು ಹೋಗಿರಬಹುದು. ನನಗೆ ಈ ವಿವರಣೆಯಲ್ಲಿ ಹುರುಳಿದೆ ಅನಿಸುತ್ತದೆ. ಆದರೂ ಪ್ರಕೃತಿಯಲ್ಲಿ ಎರಡೂ ಗುಣ ಜೊತೆಗಿರುವ ಕಿಣ್ವ ಅಪರೂಪವೇ.

ಪ್ರಶ್ನೆ: ಅಂಟಾರ್ಕ್ಟಿಕಾದ ಬ್ಯಾಕ್ಟೀರಿಯಾ ತಂದು ನಮ್ಮ ಊರಿನಲ್ಲಿ ಮೇ ತಿಂಗಳಲ್ಲಿ ಬಿಟ್ಟರೆ ಏನಾಗುತ್ತದೆ?
(ಒಂಬತ್ತನೇ ತರಗತಿ ವಿದ್ಯಾರ್ಥಿ, ಸೇಡಂ)

ಉತ್ತರ: ತಮ್ಮಾ, ಅದು ಯಾವ ಜಾತಿಯದು ಎನ್ನುವುದರ ಮೇಲೆ ಹೋಗುತ್ತದೆ. ರಿಚರ್ಡ್ ಮೋರಿಟಾ ಎಂಬ ವಿಜ್ಞಾನಿ 1975ರಲ್ಲಿ ಇವುಗಳನ್ನು ಎರಡು ಗುಂಪು ಮಾಡಿದರು. ಚಳಿಯೇ ಬೇಕೆನ್ನುವ ಬ್ಯಾಕ್ಟೀರಿಯಾಗಳು 15 ಡಿಗ್ರಿ ಅಥವಾ ಅದಕ್ಕಿಂತ ಕೆಳಗೆ ಚೆನ್ನಾಗಿ ಬೆಳೆಯುತ್ತವೆ, 20 ದಾಟಿದರೆ ಬೆಳೆಯುವುದೇ ಇಲ್ಲ. ಅವು ಸೇಡಂನ ಬಿಸಿಲಿಗೆ ಸಾಯುತ್ತವೆ. ಎರಡನೆಯವು ಚಳಿಯನ್ನು ತಾಳಿಕೊಳ್ಳುತ್ತವೆ, ಆದರೆ 20ರ ಮೇಲೂ ಆರಾಮಾಗಿ ಇರುತ್ತವೆ. ಅಲ್ಲಿನ ಮಣ್ಣಿನಲ್ಲಿ ಸಿಗುವುದು ಹೆಚ್ಚಾಗಿ ಈ ಎರಡನೇ ಗುಂಪಿನವೇ, ಯಾಕಂದರೆ ಬೇಸಿಗೆಯ ಬಿಸಿಲಿಗೆ ಅಲ್ಲಿನ ಮಣ್ಣೂ ಬಿಸಿಯಾಗುತ್ತದೆ.

ಕಿಣ್ವ ಒಂದೇ ಅಲ್ಲ, ಬ್ಯಾಕ್ಟೀರಿಯಾದ ಹೊರಪೊರೆಯೂ ಚಳಿಗೆ ಹೊಂದಿಕೊಂಡಿರಬೇಕು. ಚಳಿಗಾಲದಲ್ಲಿ ಕೊಬ್ಬರಿ ಎಣ್ಣೆ ಬಾಟಲಿಯಲ್ಲಿ ಗಟ್ಟಿಯಾಗುತ್ತದೆ, ಕುಸುಬಿ ಎಣ್ಣೆ ಆಗುವುದಿಲ್ಲ. ನೋಡಿದ್ದೀಯಲ್ಲ? ಕುಸುಬಿ ಎಣ್ಣೆಯ ಕೊಬ್ಬಿನಾಮ್ಲಗಳು ನಡುವೆ ಬಾಗಿರುತ್ತವೆ, ಒಂದರ ಪಕ್ಕ ಒಂದು ಒತ್ತಾಗಿ ಕೂರುವುದಿಲ್ಲ. ಚಳಿಯ ಬ್ಯಾಕ್ಟೀರಿಯಾದ ಪೊರೆಯಲ್ಲೂ ಅಂಥ ಬಾಗಿದ ಕೊಬ್ಬಿನಾಮ್ಲಗಳೇ ಜಾಸ್ತಿ. ಕೆನಡಾದ ಉತ್ತರ ತುದಿಯ ಹೆಪ್ಪುಗಟ್ಟಿದ ನೆಲದಲ್ಲಿ ಸಿಕ್ಕ ಪ್ಲಾನೋಕಾಕಸ್ ಹ್ಯಾಲೋಕ್ರಯೋಫಿಲಸ್ ಎಂಬ ಬ್ಯಾಕ್ಟೀರಿಯಾ ಸೊನ್ನೆಗಿಂತ 15 ಡಿಗ್ರಿ ಕೆಳಗೂ ಬೆಳೆಯುತ್ತದೆ!

ಪ್ರಶ್ನೆ: ಹಾಲನ್ನು ಕಾಯಿಸಿ ಫ್ರಿಜ್‌ನಲ್ಲೇ ಇಟ್ಟಿದ್ದೆ. ಎರಡು ದಿನಕ್ಕೆ ಕಹಿಯಾಯಿತು, ಹುಳಿ ವಾಸನೆ ಇರಲಿಲ್ಲ. ಹಾಲು ಕೊಟ್ಟ ಅಂಗಡಿಯವರು ಫ್ರಿಜ್ ಸರಿ ಇಲ್ಲ ಅಂದರು. ಮೆಕ್ಯಾನಿಕ್ ಬಂದು ನೋಡಿ ಸರಿ ಇದೆ ಅಂದ. ಹಾಗಾದರೆ ತಪ್ಪು ಎಲ್ಲಿ?
(ಗೃಹಿಣಿ, ಹುಮನಾಬಾದ್)

ಉತ್ತರ: ಅಕ್ಕಾವ್ರೇ, ತಪ್ಪು ಬಹುಶಃ ನಿಮ್ಮ ಮನೆಗೆ ಬರುವ ಮೊದಲೇ ಆಗಿದೆ. ಹುಳಿಯಾಗಿದ್ದರೆ ಮೊಸರಿನ ಜಾತಿಯ ಬ್ಯಾಕ್ಟೀರಿಯಾ ಎನ್ನಬಹುದಿತ್ತು. ಹುಳಿಯಿಲ್ಲದ ಕಹಿ ಅಂದರೆ ನನಗೆ ಮೊದಲು ಅನುಮಾನ ಬರುವುದು ಸ್ಯೂಡೋಮೊನಾಸ್ ಮೇಲೆ. ಇದು ಅಂಟಾರ್ಕ್ಟಿಕಾದಿಂದ ಬಂದದ್ದಲ್ಲ, ನಮ್ಮ ಮಣ್ಣು, ನೀರು, ತೊಳೆಯದ ಕ್ಯಾನು ಎಲ್ಲ ಕಡೆ ಇರುತ್ತದೆ. 4 ಡಿಗ್ರಿಯಲ್ಲೂ ಬೆಳೆಯುತ್ತದೆ. ಕರೆದ ಹಾಲನ್ನು ಕಾಯಿಸದೆ ತಂಪಿನಲ್ಲಿ ಎರಡು ಮೂರು ದಿನ ಇಟ್ಟರೆ ಬೇರೆ ಬ್ಯಾಕ್ಟೀರಿಯಾ ಸುಮ್ಮನಿರುತ್ತವೆ, ಇದು ಮಾತ್ರ ಹೆಚ್ಚುತ್ತಾ ಹೋಗುತ್ತದೆ. ಸಂಖ್ಯೆ ಹೆಚ್ಚಿದ ಮೇಲೆ ಹಾಲಿನ ಪ್ರೋಟೀನನ್ನು ಕತ್ತರಿಸುವ ಕಿಣ್ವವನ್ನು ಹೊರಗೆ ಬಿಡುತ್ತದೆ. ಆ ತುಂಡುಗಳೇ ಕಹಿ.

ಮೇಲಿನ ಉತ್ತರ ಓದಿದವರು ಇಲ್ಲಿ ತಡೆದು ಕೇಳಬಹುದು: ಚಳಿಯಲ್ಲಿ ಬೆಳೆಯುವ ಬ್ಯಾಕ್ಟೀರಿಯಾದ ಕಿಣ್ವ ಕಾಯಿಸಿದರೆ ಕೆಡಬೇಕಲ್ಲವೇ? ಕೆಡುವುದಿಲ್ಲ, ಇದೇ ದೊಡ್ಡ ತಲೆನೋವು. ಕಾಯಿಸಿದಾಗ ಸ್ಯೂಡೋಮೊನಾಸ್ ಸಾಯುತ್ತದೆ, ಅದು ಬಿಟ್ಟ ಪ್ರೋಟೀಸ್ ಉಳಿಯುತ್ತದೆ. ಪಾಶ್ಚರೀಕರಣದ 72 ಡಿಗ್ರಿ ಬಿಡಿ, ತಿಂಗಳುಗಟ್ಟಲೆ ಕೆಡದ ಡಬ್ಬದ ಹಾಲಿಗೆ ಕೆಲವು ಸೆಕೆಂಡು ಕೊಡುವ 135ರಿಂದ 140 ಡಿಗ್ರಿ ಬಿಸಿಯಲ್ಲೂ ಒಂದಷ್ಟು ಉಳಿದುಬಿಡುತ್ತದೆ. ಅದರ ಮಡಿಕೆಗೆ ಕ್ಯಾಲ್ಸಿಯಂ ಆಸರೆ ಇದೆ, ಹಾಲಿನಲ್ಲಿ ಕ್ಯಾಲ್ಸಿಯಂಗೆ ಏನು ಕಡಿಮೆ? ಚಳಿಯಲ್ಲಿ ಬೆಳೆಯುವ ಬ್ಯಾಕ್ಟೀರಿಯಾ ಅಂದಮಾತ್ರಕ್ಕೆ ಅದರ ಎಲ್ಲ ಕಿಣ್ವಗಳೂ ಚಳಿಗೇ ಹೇಳಿ ಮಾಡಿಸಿದವು ಅಲ್ಲ. ಸ್ಯೂಡೋಮೊನಾಸ್ ಚಳಿಯನ್ನು ತಾಳುವ ಜಾತಿ, ಬೆಚ್ಚಗಿನ ಮಣ್ಣಿನಲ್ಲೂ ಬದುಕಬೇಕು. ಫ್ರಿಜ್‌ನಲ್ಲಿ ಈ ಪ್ರೋಟೀಸ್ ನಿಧಾನವಾಗೇ ಕೆಲಸ ಮಾಡುತ್ತದೆ. ಆದರೆ ಪ್ರಮಾಣ ಜಾಸ್ತಿ ಇದ್ದರೆ, ದಿನ ಸಿಕ್ಕರೆ, ಅಷ್ಟೇ ಸಾಕು.

ಕಹಿ ಹಾಲನ್ನು ಮತ್ತೆ ಕಾಯಿಸಿ ಪ್ರಯೋಜನವಿಲ್ಲ, ಚೆಲ್ಲಿಬಿಡಿ. ಕರೆದ ದಿನವೇ ಹಾಲು ತರುವವರನ್ನು ಹುಡುಕಿ, ತಂದ ತಕ್ಷಣ ಕಾಯಿಸಿ. ಎಮ್ಮೆ ಇಟ್ಟುಕೊಂಡವರು ಕ್ಯಾನಿನ ಮುಚ್ಚಳದ ರಬ್ಬರು, ಅಂಚಿನ ಸಂದು ಇವನ್ನು ಬಿಸಿನೀರು ಹಾಕಿ ಉಜ್ಜಿ, ಬಿಸಿಲಿಗೆ ಬೋರಲು ಹಾಕಿ ಒಣಗಿಸಬೇಕು. ಸ್ಯೂಡೋಮೊನಾಸ್ ಪದರ ಕಟ್ಟಿಕೊಂಡು ಕೂರುವುದು ಆ ಒದ್ದೆ ಸಂದುಗಳಲ್ಲೇ. ಇನ್ನೊಂದು ಮುಖ್ಯ ಮಾತು. ಲಿಸ್ಟೀರಿಯಾ ಎಂಬ ರೋಗಾಣುವೂ ಫ್ರಿಜ್‌ನ ತಂಪಿನಲ್ಲಿ ಬೆಳೆಯುತ್ತದೆ. ಬಸುರಿಯರಿಗೆ ಅದು ತುಂಬಾ ಅಪಾಯ. ಮನೆಯಲ್ಲಿ ಬಸುರಿ ಹೆಣ್ಣುಮಗಳಿದ್ದರೆ ಹಸಿ ಹಾಲು ಕೊಡಲೇಬೇಡಿ, ಫ್ರಿಜ್‌ನಲ್ಲಿಟ್ಟಿದ್ದರೂ ಬೇಡ.

ಪ್ರಶ್ನೆ: ತಣ್ಣೀರಿನಲ್ಲೇ ಕಲೆ ಹೋಗುತ್ತದೆ ಎಂದು ಬಟ್ಟೆ ಸೋಪಿನ ಪುಡಿಯ ಮೇಲೆ ಬರೆದಿರುತ್ತಾರೆ. ಅದರಲ್ಲಿ ಇದೇ ಚಳಿಯ ಕಿಣ್ವ ಇರುತ್ತದೆಯೇ?
(ಕಿರಾಣಿ ಅಂಗಡಿಯವರು, ಯಾದಗಿರಿ)

ಉತ್ತರ: ಬಹುಪಾಲು ಇಲ್ಲ ಅಣ್ಣಾವ್ರೇ. ಪುಡಿಯಲ್ಲಿರುವ ಪ್ರೋಟೀಸುಗಳು ಹೆಚ್ಚಾಗಿ ಬ್ಯಾಸಿಲಸ್ ಜಾತಿಯ ಬ್ಯಾಕ್ಟೀರಿಯಾದಿಂದ ಬಂದವು. ಕಡಿಮೆ ಬಿಸಿಯಲ್ಲೂ ಕೆಲಸ ಮಾಡುವ ಹಾಗೆ ಅವುಗಳ ಜೀನು ತಿದ್ದಿ ತಯಾರು ಮಾಡುತ್ತಾರೆ. ಬಟ್ಟೆ ಒಗೆಯಲು ಕಿಣ್ವ ಬಳಸುವುದು ಹೊಸದೂ ಅಲ್ಲ, ಜರ್ಮನಿಯ ಒಟ್ಟೋ ರ‍್ಯೋಮ್ 1913ರಲ್ಲೇ ಪ್ರಾಣಿಗಳ ಮೇದೋಜೀರಕ ಗ್ರಂಥಿಯ ಕಿಣ್ವ ಹಾಕಿ ಪೇಟೆಂಟ್ ಪಡೆದಿದ್ದರು. ಯುರೋಪಿನಲ್ಲಿ ಮಷಿನ್ನಿನ ನೀರನ್ನು 60 ಡಿಗ್ರಿಗೆ ಕಾಯಿಸಿ ಒಗೆಯುವ ರೂಢಿ ಇತ್ತು. ಅದನ್ನು 30ಕ್ಕೋ 20ಕ್ಕೋ ಇಳಿಸಿದರೆ ಕರೆಂಟು ಉಳಿಯುತ್ತದೆ. ಯಾದಗಿರಿಯಲ್ಲಿ ಬೇಸಿಗೆ ಮಧ್ಯಾಹ್ನ ಮಾಳಿಗೆ ಮೇಲಿನ ಟ್ಯಾಂಕಿನ ನೀರು ಮುಟ್ಟಿದರೆ ಕೈ ಸುಡುತ್ತದೆ, ಅಲ್ವಾ? ನಮ್ಮ ತಣ್ಣೀರು ಕಿಣ್ವದ ಲೆಕ್ಕದಲ್ಲಿ ತಣ್ಣಗಿನದೇ ಅಲ್ಲ.

ಗಿರಾಕಿಗಳಿಗೆ ಎರಡು ಮಾತು ಹೇಳಿ. ಕಿಣ್ವದ ಪುಡಿಗೆ ಕುದಿಯುವ ನೀರು ಸುರಿಯಬಾರದು, ಕಿಣ್ವ ಕೆಟ್ಟು ಹೋಗುತ್ತದೆ. ಉಗುರು ಬೆಚ್ಚಗಿನ ನೀರಿನಲ್ಲಿ ಅರ್ಧ ಗಂಟೆ ನೆನೆಸಿದರೆ ಸಾಕು. ಎರಡನೆಯದು, ಇಳಕಲ್ ಸೀರೆಯನ್ನು ಇದರಲ್ಲಿ ನೆನೆಸಬಾರದು. ಅದರ ರೇಷ್ಮೆ ಸೆರಗೂ ಪ್ರೋಟೀನೇ, ಪ್ರೋಟೀಸಿಗೆ ರಕ್ತದ ಕಲೆಗೂ ರೇಷ್ಮೆಗೂ ಫರಕು ಗೊತ್ತಿಲ್ಲ. ಅರಿಶಿನದ ಕಲೆಗೆ ಮಾತ್ರ ಯಾವ ಕಿಣ್ವವೂ ಬೇಡ, ಅದು ಪ್ರೋಟೀನೂ ಅಲ್ಲ ಪಿಷ್ಟವೂ ಅಲ್ಲ. ಒದ್ದೆ ಬಟ್ಟೆಯನ್ನು ಬಿಸಿಲಿಗೆ ಹರವಿ, ಬಣ್ಣ ತಾನೇ ಹೋಗುತ್ತದೆ.

ಪ್ರಶ್ನೆ: ನಮ್ಮ ನೌಬಾದಿನ ಕರೇಜಿನೊಳಗೆ, ಅಂದರೆ ನೆಲದಡಿಯ ಹಳೆಯ ನೀರಿನ ಸುರಂಗದೊಳಗೆ, ನೀರು ತಂಪಾಗಿರುತ್ತದೆ. ಅಲ್ಲಿ ಚಳಿಯ ಬ್ಯಾಕ್ಟೀರಿಯಾ ಸಿಗಬಹುದೇ?
(ಓದುಗರು, ಬೀದರ್)

ಉತ್ತರ: ಚಳಿಯೇ ಬೇಕೆನ್ನುವ ಜಾತಿ ಸಿಗುವುದಿಲ್ಲ. ನೆಲದಡಿಯ ನೀರು ಆ ಊರಿನ ವರ್ಷದ ಸರಾಸರಿ ಉಷ್ಣತೆಗೆ ಹತ್ತಿರ ಇರುತ್ತದೆ. ಬೀದರಿನಲ್ಲಿ ಅದು 25 ಡಿಗ್ರಿ ಆಚೀಚೆ. ಹೊರಗೆ 42 ಇದ್ದಾಗ ಕೈಗೆ ತಂಪು ಅನಿಸುತ್ತದೆ, ಬ್ಯಾಕ್ಟೀರಿಯಾಕ್ಕೆ ಅದು ಬೆಚ್ಚಗಿನ ನೀರು.

ಪ್ರಶ್ನೆ: ಬೇಗ ಕೆಡುವ ಕಿಣ್ವದಿಂದ ಏನು ಉಪಯೋಗ? ನಮ್ಮ ಮಕ್ಕಳಿಗೆ ಇದನ್ನು ಕಾಲೇಜಿನ ಪ್ರಯೋಗಾಲಯದಲ್ಲಿ ತೋರಿಸಬಹುದೇ?
(ಪಿಯು ಕಾಲೇಜು ಉಪನ್ಯಾಸಕರು, ಶಹಾಪುರ)

ಉತ್ತರ: ಬೇಗ ಕೆಡುವುದೇ ಅದರ ಉಪಯೋಗ ಸರ್. ಡಿಎನ್‌ಎ ತುಂಡುಗಳನ್ನು ಜೋಡಿಸುವ ಕೆಲಸದಲ್ಲಿ ತುದಿಯ ಫಾಸ್ಫೇಟ್ ತೆಗೆಯಲು ಫಾಸ್ಫಟೇಸ್ ಕಿಣ್ವ ಹಾಕುತ್ತಾರೆ. ಕೆಲಸ ಮುಗಿದ ಮೇಲೆ ಅದು ಅಲ್ಲೇ ಉಳಿದರೆ ಮುಂದಿನ ಹಂತ ಹಾಳು. ಕರುವಿನ ಕರುಳಿನ ಫಾಸ್ಫಟೇಸ್ ಸುಲಭಕ್ಕೆ ಸಾಯುವುದಿಲ್ಲ, ಡಿಎನ್‌ಎಯನ್ನೇ ಬೇರೆ ಮಾಡಿ ತೊಳೆಯಬೇಕಾಗುತ್ತದೆ. ಅಂಟಾರ್ಕ್ಟಿಕಾದ ಬ್ಯಾಕ್ಟೀರಿಯಾದ ಫಾಸ್ಫಟೇಸ್ ಆದರೆ ಕೆಲವು ನಿಮಿಷ ಬಿಸಿ ಮಾಡಿದರೆ ಮುಗಿಯಿತು, ಅದೇ ಟ್ಯೂಬಿನಲ್ಲಿ ಮುಂದುವರಿಯಬಹುದು. ಹಾಲಿನ ಸಕ್ಕರೆಯಾದ ಲ್ಯಾಕ್ಟೋಸನ್ನು ತಂಪಿನಲ್ಲೇ ಒಡೆಯುವ ಕಿಣ್ವಗಳ ಮೇಲೂ ಬಹಳ ಕೆಲಸ ನಡೆದಿದೆ, ಹಾಲನ್ನು ಬೆಚ್ಚಗೆ ಇಟ್ಟು ಕೆಡಿಸಿಕೊಳ್ಳುವ ಭಯ ಇರುವುದಿಲ್ಲ.

ಈ ವಿದ್ಯೆ ನಮಗೆ ದೂರದ್ದೂ ಅಲ್ಲ. ನಮ್ಮ ಕಡೆಯಿಂದ ರೈಲು ಹತ್ತಿದರೆ ಕೆಲವೇ ಗಂಟೆಗಳಲ್ಲಿ ಸಿಗುವ ಹೈದರಾಬಾದಿನ ಸಿಸಿಎಂಬಿ ಎಂಬ ಜೀವಕೋಶ ಮತ್ತು ಅಣು ಜೀವವಿಜ್ಞಾನ ಕೇಂದ್ರದಲ್ಲಿ ಎಸ್. ಶಿವಾಜಿ ಮತ್ತವರ ಜೊತೆಯವರು ಅಂಟಾರ್ಕ್ಟಿಕಾದ ಮಣ್ಣಿನಿಂದ ಹೊಸ ಬ್ಯಾಕ್ಟೀರಿಯಾಗಳನ್ನು ಗುರುತಿಸಿ ಹೆಸರಿಟ್ಟಿದ್ದಾರೆ. ಅಂಟಾರ್ಕ್ಟಿಕಾದ ನಮ್ಮ ಮೈತ್ರಿ, ಭಾರತಿ ನೆಲೆಗಳನ್ನು ನೋಡಿಕೊಳ್ಳುವ ಧ್ರುವ ಮತ್ತು ಸಾಗರ ಸಂಶೋಧನಾ ಕೇಂದ್ರ ಗೋವಾದಲ್ಲಿದೆ. ಆಸಕ್ತಿ ಇರುವ ಮಕ್ಕಳಿಗೆ ಈ ಹೆಸರುಗಳನ್ನು ಹೇಳಿ.

ಪ್ರಯೋಗ ಹೀಗೆ ಮಾಡಿ. ಕೆನೆ ತೆಗೆದ ಹಾಲಿನ ಪುಡಿಯನ್ನು ಅಗಾರ್ (ಕಡಲಪಾಚಿಯಿಂದ ಮಾಡುವ ಜೆಲ್ಲಿ ಪುಡಿ) ಜೊತೆ ಸೇರಿಸಿ ಪ್ಲೇಟು ಹಾಕಿ. ಹಾಲು ಇರುವುದರಿಂದ ಪ್ಲೇಟು ಬೆಳ್ಳಗೆ ಮಸುಕಾಗಿರುತ್ತದೆ. ಮೊದಲೇ ಕುದಿಸಿ ಆರಿಸಿದ ನೀರಿನಲ್ಲಿ ಹೊಲದ ಮಣ್ಣನ್ನು ಚೆನ್ನಾಗಿ ತೆಳು ಮಾಡಿ, ಅದೇ ನೀರಿನ ಒಂದೊಂದು ಹನಿಯನ್ನು ಎರಡು ಪ್ಲೇಟುಗಳ ಮೇಲೆ ಹರಡಿ. ಒಂದನ್ನು ಬೆಂಚಿನ ಮೇಲೆ ಬಿಡಿ. ಇನ್ನೊಂದನ್ನು ಪಾಲಿಥೀನ್ ಚೀಲದಲ್ಲಿ ಸುತ್ತಿ ಪ್ರಯೋಗಾಲಯದ ಫ್ರಿಜ್‌ನಲ್ಲಿ 4 ಡಿಗ್ರಿಯಲ್ಲಿಡಿ. ತಿನ್ನುವ ಪದಾರ್ಥ ಇಡುವ ಫ್ರಿಜ್ ಬೇಡ. ಬೆಂಚಿನ ಮೇಲಿನದು ಎರಡು ದಿನಕ್ಕೆ ತುಂಬಿಹೋಗುತ್ತದೆ. ಫ್ರಿಜ್‌ನದು ಒಂದು ವಾರ ಖಾಲಿ ಕಾಣುತ್ತದೆ, ಮಕ್ಕಳು ಬಿಸಾಡೋಣ ಅನ್ನುತ್ತಾರೆ, ಬಿಸಾಡಬೇಡಿ. ಹತ್ತು ಹದಿನೈದು ದಿನಕ್ಕೆ ಸಾಸಿವೆ ಗಾತ್ರದ ಚುಕ್ಕೆಗಳು ಏಳುತ್ತವೆ. ಪ್ಲೇಟನ್ನು ಮುಚ್ಚಳ ತೆಗೆಯದೆ ಕಿಟಕಿಯ ಬೆಳಕಿಗೆ ಹಿಡಿಯಿರಿ. ಕೆಲವು ಚುಕ್ಕೆಗಳ ಸುತ್ತ ಬಿಳಿ ಹೋಗಿ ಗಾಜಿನ ಹಾಗೆ ತಿಳಿಯಾದ ಉಂಗುರ ಇರುತ್ತದೆ. ಆ ಉಂಗುರದಲ್ಲಿದ್ದ ಹಾಲಿನ ಪ್ರೋಟೀನನ್ನು ಕಿಣ್ವ 4 ಡಿಗ್ರಿಯಲ್ಲೇ ಕತ್ತರಿಸಿ ಹಾಕಿದೆ. ನೋಡಿ ಮುಗಿದ ಮೇಲೆ ಪ್ಲೇಟುಗಳನ್ನು ಕುಕ್ಕರಿನಲ್ಲೋ ಆಟೋಕ್ಲೇವಿನಲ್ಲೋ ಬೇಯಿಸಿ ಚೆಲ್ಲಿ. ಆ ಕುಕ್ಕರನ್ನು ಮತ್ತೆ ಅಡುಗೆಗೆ ಬಳಸಬೇಡಿ.